1890ರ ಜನಗಣತಿ ಸುಟ್ಟುಹೋಗಿದ್ದರೆ, ಸೈನಿಕರಾಗಿದ್ದ ಪೂರ್ವಜರನ್ನು ಹುಡುಕುವುದು ಹೇಗೆ?

ಪ್ರಶ್ನೆ: ತುಮಕೂರಿನ ಮಗಳು, ಓಹಾಯೋ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವಳು, ಮದುವೆಯಾಗಿ ಅಮೆರಿಕದ ಓಹಾಯೋ ರಾಜ್ಯಕ್ಕೆ ಬಂದು ಹದಿನಾರು ವರ್ಷಗಳಾದವು. ನನ್ನ ಪತಿಯ ಮನೆಯವರು ಇಲ್ಲಿಯವರೇ, ತಲೆಮಾರುಗಳಿಂದ ಬೇಸಾಯ ಮಾಡಿಕೊಂಡು ಬಂದವರು. ಕಳೆದ ಚಳಿಗಾಲದಲ್ಲಿ ಅತ್ತೆಯವರ ಹಳೆಯ ಮರದ ಪೆಟ್ಟಿಗೆಯನ್ನು ಶುಚಿಗೊಳಿಸುತ್ತಿದ್ದಾಗ ಅದರ ತಳದಲ್ಲಿ ಕಂಚಿನದೊಂದು ಐದು ಮೂಲೆಯ ನಕ್ಷತ್ರ, ಅದಕ್ಕೆ ಹೊಲಿದಿದ್ದ ಮಾಸಿದ ಬಟ್ಟೆಯ ಪಟ್ಟಿ, ಮತ್ತು ಬಿಳಿಗಡ್ಡದ ಹಿರಿಯರೊಬ್ಬರ ಛಾಯಾಚಿತ್ರ ಸಿಕ್ಕವು. "ಇವರು ನನ್ನ ಮುತ್ತಜ್ಜ, ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದಲ್ಲಿ ಹೋರಾಡಿದವರಂತೆ" ಎನ್ನುವುದಕ್ಕಿಂತ ಹೆಚ್ಚಿನದೇನೂ ಅತ್ತೆಯವರಿಗೆ ತಿಳಿಯದು. ಯಾವ ರೆಜಿಮೆಂಟು, ಎಲ್ಲಿ ಹೋರಾಡಿದರು, ಎಷ್ಟು ಕಾಲ ಸೈನ್ಯದಲ್ಲಿದ್ದರು ಎಂಬ ಪ್ರಶ್ನೆಗಳನ್ನು ನನ್ನ ಮಗಳು ಅಂದಿನಿಂದ ಕೇಳುತ್ತಲೇ ಇದ್ದಾಳೆ. ಅತ್ತೆಯವರಿಗೆ ಎಪ್ಪತ್ತೈದು ದಾಟಿದೆ. ಅವರಿರುವಾಗಲೇ ಉತ್ತರ ಕಂಡುಕೊಳ್ಳಬೇಕೆಂಬುದು ನನ್ನ ಹಂಬಲ.

ಇಲ್ಲಿಯ ಹಳೆಯ ಜನಗಣತಿಯ ಹಾಳೆಗಳು ಸಾರ್ವಜನಿಕರಿಗೆ ತೆರೆದಿರುವುದರಿಂದ ಅವುಗಳಿಂದಲೇ ಆರಂಭಿಸಿದೆ. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಸಿಕ್ಕಿದ್ದು ಇಷ್ಟು. 1870 ಮತ್ತು 1880ರ ಗಣತಿಗಳಲ್ಲಿ ಅವರು ಇಂಡಿಯಾನಾ ರಾಜ್ಯದಲ್ಲಿದ್ದಾರೆ. 1900ರಲ್ಲಿ ಓಹಾಯೋದಲ್ಲಿದ್ದಾರೆ, ಹುಟ್ಟಿದ್ದು 1844ರ ಮಾರ್ಚ್ ತಿಂಗಳಲ್ಲಿ ಎಂದಿದೆ. 1910ರಲ್ಲೂ ಅದೇ ಊರು, ವಯಸ್ಸು 66; ಅದೇ ಸಾಲಿನ ಬಲಭಾಗದ ಕೊನೆಯ ಕಾಲಂಗಳಲ್ಲೊಂದರಲ್ಲಿ 'ಯು.ಎ.' ಎಂಬ ಎರಡು ಅಕ್ಷರಗಳಿವೆ. ಅದರ ಅರ್ಥ ನನಗೆ ತಿಳಿಯಲಿಲ್ಲ. 1920ರ ಗಣತಿಯಲ್ಲಿ ಅವರಿಲ್ಲ, ಅವರ ಪತ್ನಿ ಮಗನ ಮನೆಯಲ್ಲಿದ್ದಾರೆ.

1890ರಲ್ಲಿ ಸೈನಿಕರಿಗಾಗಿಯೇ ಒಂದು ಪ್ರತ್ಯೇಕ ಪಟ್ಟಿ ಮಾಡಿದ್ದರೆಂದು ಎಲ್ಲೋ ಓದಿದೆ. ಆದರೆ ಆ ವರ್ಷದ ಜನಗಣತಿಯೇ ಬೆಂಕಿಗೆ ಆಹುತಿಯಾಯಿತೆಂದು ಪರಿಚಯದವರೊಬ್ಬರು ಹೇಳಿದರು. ಇನ್ನೊಬ್ಬರು, ಸೈನಿಕರ ಪಟ್ಟಿ ಉಳಿದಿದ್ದರೂ ಇಂಡಿಯಾನಾ ರಾಜ್ಯದ ಭಾಗ ಉಳಿದಿಲ್ಲ, ನಿಮ್ಮವರು ಇಂಡಿಯಾನಾದ ಸೈನಿಕರೇ ಆಗಿದ್ದರೆ ಆಸೆ ಬಿಡಿ ಎಂದರು. ಇದರ ಮೇಲೆ ಇನ್ನೊಂದು ತೊಡಕಿದೆ. ಅವರ ಹೆಸರೂ ಮನೆತನದ ಹೆಸರೂ ಇಲ್ಲಿ ಬಹಳ ಸಾಮಾನ್ಯ. ಅದೇ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಹೆಚ್ಚುಕಡಿಮೆ ಅದೇ ವಯಸ್ಸಿನ, ಅದೇ ಹೆಸರಿನ ಇನ್ನೊಬ್ಬರಿದ್ದರು. ಒಂದು ಜಾಲತಾಣದಲ್ಲಿ ಯಾರೋ ಹಾಕಿರುವ ವಂಶವೃಕ್ಷದಲ್ಲಿ ಇಬ್ಬರನ್ನೂ ಒಬ್ಬರನ್ನಾಗಿಸಿ, ಇಬ್ಬರು ಹೆಂಡಿರ ಮಕ್ಕಳನ್ನೂ ಒಂದೇ ಮನೆಗೆ ಸೇರಿಸಿಬಿಟ್ಟಿದ್ದಾರೆ. ಬಲ್ಲವರು ದಾರಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ: ಹಳೆಯ ಕಡತ

ತಂಗಿ, ಆಸೆ ಬಿಡುವ ಅಗತ್ಯವಿಲ್ಲ. ನೀವೇ ಒದಗಿಸಿರುವ ವಿವರಗಳಲ್ಲಿ ಅರ್ಧ ಉತ್ತರ ಅಡಗಿದೆ. ಒಂದೊಂದಾಗಿ ನೋಡೋಣ.

ಮೊದಲು ಆ ಎರಡು ಅಕ್ಷರಗಳು. 1910ರ ಗಣತಿಯ 30ನೆಯ ಕಾಲಂನಲ್ಲಿ, ಅಂತರ್ಯುದ್ಧದಲ್ಲಿ ಹೋರಾಡಿ ಬದುಕುಳಿದವರೇ ಎಂಬ ಪ್ರಶ್ನೆಯನ್ನು ಕೇಳಿದ್ದರು. ಉತ್ತರದ ಯೂನಿಯನ್ ಭೂಸೇನೆಯವರಾದರೆ 'ಯು.ಎ.', ಅದರ ನೌಕಾಪಡೆಯವರಾದರೆ 'ಯು.ಎನ್.', ದಕ್ಷಿಣದ ಕಾನ್ಫೆಡರೇಟ್ ಭೂಸೇನೆಯವರಾದರೆ 'ಸಿ.ಎ.', ನೌಕಾಪಡೆಯವರಾದರೆ 'ಸಿ.ಎನ್.' ಎಂದು ಗಣತಿದಾರರು ಬರೆಯಬೇಕಾಗಿತ್ತು. ಆದ್ದರಿಂದ ನಿಮ್ಮ ಅತ್ತೆಯವರ ಮುತ್ತಜ್ಜ ಯೂನಿಯನ್ ಭೂಸೇನೆಯ ಸೈನಿಕರು. ಪೆಟ್ಟಿಗೆಯಲ್ಲಿ ಸಿಕ್ಕ ಕಂಚಿನ ನಕ್ಷತ್ರವೂ ಇದನ್ನೇ ಹೇಳುವಂತಿದೆ: 1866ರಲ್ಲಿ ಸ್ಥಾಪನೆಯಾದ ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್ ಎಂಬ ಮಾಜಿ ಸೈನಿಕರ ಸಂಘದ ಬಿಲ್ಲೆ ಅಂಥದ್ದೇ ಐದು ಮೂಲೆಯ ನಕ್ಷತ್ರ, ಮತ್ತು ಆ ಸಂಘಕ್ಕೆ ಯೂನಿಯನ್ ಪಡೆಗಳಿಂದ ಗೌರವಯುತವಾಗಿ ಬಿಡುಗಡೆ ಹೊಂದಿದವರಿಗೆ ಮಾತ್ರ ಪ್ರವೇಶವಿತ್ತು. ಒಂದು ಎಚ್ಚರಿಕೆಯ ಮಾತು: ಈ ಕಾಲಂ ಖಾಲಿ ಇದ್ದ ಮಾತ್ರಕ್ಕೆ ಆ ವ್ಯಕ್ತಿ ಸೈನಿಕರಾಗಿರಲಿಲ್ಲ ಎಂದು ತೀರ್ಮಾನಿಸಲಾಗದು. ಗಣತಿದಾರರು ಬಂದಾಗ ಬಾಗಿಲು ತೆರೆದವರು ಸೊಸೆಯೋ ಮೊಮ್ಮಗನೋ ಆಗಿದ್ದು, ಐವತ್ತು ವರ್ಷ ಹಿಂದಿನ ಮಾತು ಅವರಿಗೆ ಹೊಳೆಯದೇ ಹೋಗಿರಬಹುದು.

ಇನ್ನು 1890ರ ವಿಷಯ. ಆ ವರ್ಷ ಎರಡು ಬೇರೆ ಬೇರೆ ನಮೂನೆಗಳಿದ್ದವು ಎಂಬುದನ್ನು ಜನ ಮರೆಯುತ್ತಾರೆ, ಗೊಂದಲವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ಒಂದು, ಮನೆಮನೆಯ ಎಲ್ಲರನ್ನೂ ದಾಖಲಿಸಿದ ಸಾಮಾನ್ಯ ಜನಗಣತಿ. 1921ರ ಜನವರಿ 10ರಂದು ವಾಷಿಂಗ್ಟನ್ ನಗರದ ವಾಣಿಜ್ಯ ಇಲಾಖೆಯ ಕಟ್ಟಡದ ನೆಲಮಾಳಿಗೆಯಲ್ಲಿ ಬೆಂಕಿ ಬಿದ್ದಾಗ, ಭದ್ರ ಕೊಠಡಿಯ ಹೊರಗೆ ಪೇರಿಸಿಟ್ಟಿದ್ದ ಆ ಹಾಳೆಗಳು ಬೆಂಕಿಗೂ, ಅದನ್ನು ಆರಿಸಲು ಸುರಿದ ನೀರಿಗೂ ಸಿಕ್ಕಿದವು. ಅಳಿದುಳಿದದ್ದನ್ನು ದುರಸ್ತಿ ಮಾಡುವ ಬದಲು ನಾಶಪಡಿಸಲು 1933ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸೇ ಒಪ್ಪಿಗೆ ನೀಡಿತು. ಆರು ಕೋಟಿಗೂ ಮೀರಿದ ಜನರ ಪೈಕಿ ಇಂದು ಉಳಿದಿರುವುದು ಸುಮಾರು ಆರು ಸಾವಿರ ಹೆಸರುಗಳು ಮಾತ್ರ. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ, ಏಕೆಂದರೆ 1880 ಮತ್ತು 1900ರ ನಡುವಿನ ಇಪ್ಪತ್ತು ವರ್ಷಗಳಲ್ಲಿ ಹುಟ್ಟಿ, ಮನೆ ಬಿಟ್ಟು ಹೋದ ಮಕ್ಕಳ ಸುಳಿವೇ ಅನೇಕ ಕುಟುಂಬಗಳಿಗೆ ಸಿಗದಂತಾಗಿದೆ.

ಎರಡನೆಯದು, ಬದುಕಿರುವ ಯೂನಿಯನ್ ಸೈನಿಕರು, ನಾವಿಕರು ಮತ್ತು ಸೈನಿಕರ ವಿಧವೆಯರ ವಿಶೇಷ ಪಟ್ಟಿ. ಪಿಂಚಣಿ ಕೋರುವ ಮಾಜಿ ಸೈನಿಕನಿಗೆ ತನ್ನ ಸೇವೆಯನ್ನು ಸಾಬೀತುಪಡಿಸಲು ಜೊತೆಗಾರರ ಸಾಕ್ಷ್ಯ ಬೇಕಾಗುತ್ತಿತ್ತು. ಆ ಜೊತೆಗಾರರು ಎಲ್ಲೆಲ್ಲಿದ್ದಾರೆಂದು ತಿಳಿಯಲು ಈ ಪಟ್ಟಿ ನೆರವಾಗಲೆಂಬುದು ಅದರ ಉದ್ದೇಶಗಳಲ್ಲೊಂದು. ಇದು ಬೆಂಕಿಯಲ್ಲಿ ಹೋಗಲಿಲ್ಲ. ಆದರೆ ಅಮೆರಿಕದ ರಾಷ್ಟ್ರೀಯ ಪತ್ರಾಗಾರವಾದ ನ್ಯಾಷನಲ್ ಆರ್ಕೈವ್ಸ್‌ಗೆ ತಲುಪುವಷ್ಟರಲ್ಲಿ, ಇಂಗ್ಲಿಷ್ ಅಕ್ಷರಕ್ರಮದಲ್ಲಿ ಅಲಬಾಮಾದಿಂದ ಕ್ಯಾನ್ಸಸ್‌ವರೆಗಿನ ಬಹುತೇಕ ರಾಜ್ಯಗಳ ಹಾಳೆಗಳೂ ಕೆಂಟಕಿಯ ಸುಮಾರು ಅರ್ಧ ಭಾಗವೂ ಇಲ್ಲವಾಗಿದ್ದವು. ಕೆಂಟಕಿಯ ಉಳಿದ ಭಾಗದಿಂದ ವಯೋಮಿಂಗ್‌ವರೆಗಿನವು ಉಳಿದವು. ಆದ್ದರಿಂದ ಇಂಡಿಯಾನಾದ ಹಾಳೆಗಳು ಇಲ್ಲವೆಂಬುದು ನಿಜ, ಓಹಾಯೋದ ಹಾಳೆಗಳು ಇವೆ ಎಂಬುದೂ ಅಷ್ಟೇ ನಿಜ.

ನಿಮ್ಮ ಪರಿಚಯದವರು ಎಡವಿರುವುದು ಇಲ್ಲಿಯೇ. ಈ ಪಟ್ಟಿಯನ್ನು ಮಾಡಿದ್ದು ಸೈನಿಕ ಯಾವ ರಾಜ್ಯದ ರೆಜಿಮೆಂಟಿನಲ್ಲಿದ್ದ ಎಂಬುದರ ಮೇಲಲ್ಲ. 1890ರಲ್ಲಿ ಅವನು ಎಲ್ಲಿ ವಾಸವಾಗಿದ್ದ ಎಂಬುದರ ಮೇಲೆ. ಇಂಡಿಯಾನಾದ ರೆಜಿಮೆಂಟಿನಲ್ಲಿ ಸೇವೆ ಮಾಡಿ ಆಮೇಲೆ ಓಹಾಯೋಗೆ ಬಂದು ನೆಲೆಸಿದವನ ಹೆಸರು ಓಹಾಯೋದ ಹಾಳೆಯಲ್ಲೇ ಇರುತ್ತದೆ. ಹಾಗಾದರೆ ಅವರು 1880ರ ನಂತರ ಯಾವಾಗ ಓಹಾಯೋಗೆ ಬಂದರು? 1900ರ ಗಣತಿಯ ಹಾಳೆಯನ್ನು ಮತ್ತೊಮ್ಮೆ ತೆರೆದು, ಅವರ ಸಾಲನ್ನಲ್ಲ, ಅದರ ಕೆಳಗಿರುವ ಮಕ್ಕಳ ಸಾಲುಗಳನ್ನು ಓದಿ. ಆ ವರ್ಷ ಪ್ರತಿಯೊಬ್ಬರ ಹುಟ್ಟಿದ ತಿಂಗಳು, ವರ್ಷ ಮತ್ತು ಹುಟ್ಟಿದ ರಾಜ್ಯವನ್ನು ಬರೆದಿದ್ದಾರೆ. ಇಂಡಿಯಾನಾದಲ್ಲಿ ಹುಟ್ಟಿದ ಕೊನೆಯ ಮಗುವಿಗೂ ಓಹಾಯೋದಲ್ಲಿ ಹುಟ್ಟಿದ ಮೊದಲ ಮಗುವಿಗೂ ನಡುವಿನ ಕಾಲವೇ ಅವರು ವಲಸೆ ಬಂದ ಕಾಲ. ಅದು 1890ಕ್ಕಿಂತ ಹಿಂದಿನದಾಗಿದ್ದರೆ, ಓಹಾಯೋದ ವಿಶೇಷ ಪಟ್ಟಿಯಲ್ಲಿ ಹುಡುಕಲು ನಿಮಗೆ ಬಲವಾದ ಕಾರಣ ಸಿಕ್ಕಂತೆ.

ಹುಡುಕುವಾಗ ಹೆಸರಿನ ಸೂಚಿಯನ್ನೇ ನೆಚ್ಚಿ ಕೂರಬೇಡಿ. ಆ ಕಾಲದ ಕೈಬರಹದಲ್ಲಿ ಮೊದಲ ಅಕ್ಷರವನ್ನು ತಪ್ಪಾಗಿ ಓದಿ ಸೂಚಿ ಮಾಡಿರುವುದು ಎಷ್ಟೋ ಕಡೆ ಇದೆ. ಕೌಂಟಿಯನ್ನು ಆರಿಸಿಕೊಂಡು, ಅದರೊಳಗೆ 1900ರಲ್ಲಿ ಅವರಿದ್ದ ಸಣ್ಣ ಆಡಳಿತ ವಿಭಾಗವಾದ ಟೌನ್‌ಶಿಪ್ಪಿನ ಹಾಳೆಗಳನ್ನು ಒಂದೊಂದಾಗಿ ತಿರುವಿ ಹಾಕಿ. ಒಂದು ಟೌನ್‌ಶಿಪ್ಪಿಗೆ ಕೆಲವೇ ಹಾಳೆಗಳಿರುತ್ತವೆ. ಪ್ರತಿ ಹಾಳೆಯೂ ಎರಡು ಭಾಗವಾಗಿದೆ ಎಂಬುದನ್ನು ಗಮನಿಸಿ. ಮೇಲ್ಭಾಗದಲ್ಲಿ ಹೆಸರು, ದರ್ಜೆ, ಕಂಪನಿ (ರೆಜಿಮೆಂಟಿನೊಳಗಿನ ತುಕಡಿ), ರೆಜಿಮೆಂಟು ಅಥವಾ ಹಡಗಿನ ಹೆಸರು, ಸೇರಿದ ದಿನ, ಬಿಡುಗಡೆಯಾದ ದಿನ, ಸೇವೆಯ ಅವಧಿ ಇರುತ್ತವೆ. ಕೆಳಭಾಗದಲ್ಲಿ ಅದೇ ಕ್ರಮಸಂಖ್ಯೆಯ ಮುಂದೆ ಅಂಚೆ ವಿಳಾಸ, ಸೇವೆಯಲ್ಲಿ ಉಂಟಾದ ಅಂಗವೈಕಲ್ಯ ಅಥವಾ ಕಾಯಿಲೆ, ಷರಾ ಇರುತ್ತವೆ. ಮೇಲ್ಭಾಗವನ್ನಷ್ಟೇ ಓದಿ ಹಾಳೆ ಮುಚ್ಚುವವರು ಬಹಳ ಮಂದಿ, ಮನುಷ್ಯನ ಕಷ್ಟಸುಖ ಇರುವುದು ಕೆಳಭಾಗದಲ್ಲಿ. ಹೆಸರಿನ ಪಕ್ಕದಲ್ಲಿ ಮನೆಯ ಸಂಖ್ಯೆ, ಕುಟುಂಬದ ಸಂಖ್ಯೆ ಎಂದು ಎರಡು ಅಂಕಿಗಳಿರುತ್ತವೆ. ಅವು ಸಾಮಾನ್ಯ ಜನಗಣತಿಯ ಹಾಳೆಗೆ ಕೊಂಡಿಯಾಗಿದ್ದವು. ಆ ಹಾಳೆಯೇ ಈಗ ಇಲ್ಲವಾದ್ದರಿಂದ ಅವುಗಳಿಂದ ಪ್ರಯೋಜನವಿಲ್ಲ. ಅದೇ ಹೆಸರಿನ ಇನ್ನೊಬ್ಬರಿಂದ ನಿಮ್ಮವರನ್ನು ಬೇರ್ಪಡಿಸಿಕೊಡಬಲ್ಲದ್ದು ಕೆಳಭಾಗದ ಅಂಚೆ ವಿಳಾಸ.

ಉತ್ತರ: ಗ್ರಂಥಾಲಯದ ಮೇಜಿನಿಂದ, ಪೆನ್ಸಿಲ್ವೇನಿಯಾ

ಮೇಲಿನ ಹಿರಿಯರು ಬರೆದಿರುವುದು ಅಕ್ಷರಶಃ ಸರಿ. ನಾನು ಸಾರ್ವಜನಿಕ ಗ್ರಂಥಾಲಯವೊಂದರ ಸ್ಥಳೀಯ ಇತಿಹಾಸ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ವಾರಕ್ಕೆ ಒಬ್ಬರಾದರೂ ಇದೇ ಪ್ರಶ್ನೆಯನ್ನು ಹಿಡಿದು ಬರುತ್ತಾರೆ. ಅಕ್ಕ, ನಾನು ಸೇರಿಸಬೇಕಾದದ್ದು ಮುಖ್ಯವಾಗಿ ಅಜ್ಜಿಯ ಬಗ್ಗೆ.

1920ರಲ್ಲಿ ಅವರು ಮಗನ ಮನೆಯಲ್ಲಿದ್ದರು ಎಂದಿರಿ. ಪತಿ ಯೂನಿಯನ್ ಸೈನಿಕರಾಗಿದ್ದುದರಿಂದ ಅವರು ವಿಧವಾ ಪಿಂಚಣಿಗೆ ಅರ್ಜಿ ಹಾಕಿರುವ ಸಂಭವ ಹೆಚ್ಚು. ಪಿಂಚಣಿಯ ಸೂಚಿಪತ್ರಗಳು ಜಾಲದಲ್ಲಿವೆ. ಒಂದೊಂದು ಪತ್ರದಲ್ಲೂ ಸೈನಿಕನ ಹೆಸರು, ರೆಜಿಮೆಂಟು, ವಿಧವೆಯಿದ್ದರೆ ಆಕೆಯ ಹೆಸರು, ಅರ್ಜಿ ಹಾಕಿದ ದಿನ ಮತ್ತು ಕಡತದ ಸಂಖ್ಯೆ ಇರುತ್ತವೆ. ಸಾಮಾನ್ಯ ಹೆಸರಾದರೆ ಇಂಥ ಪತ್ರಗಳು ಹತ್ತಾರು ಸಿಗುತ್ತವೆ, ಅವುಗಳಲ್ಲಿ ನಿಮ್ಮವರದು ಯಾವುದೆಂದು ತೋರಿಸಿಕೊಡುವುದು 1890ರ ಪಟ್ಟಿಯಲ್ಲಿ ಸಿಗುವ ಕಂಪನಿ ಮತ್ತು ರೆಜಿಮೆಂಟು, ಹಾಗೂ ಜನಗಣತಿಯಲ್ಲಿ ಸಿಗುವ ಪತ್ನಿಯ ಹೆಸರು. ಎರಡೂ ಹೊಂದಿದರೆ ಮತ್ತೆ ಸಂಶಯಕ್ಕೆ ಎಡೆಯಿಲ್ಲ. ಮೂಲ ಕಡತ ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುತ್ತದೆ, ಶುಲ್ಕ ಕಟ್ಟಿ ಪ್ರತಿ ತರಿಸಿಕೊಳ್ಳಬಹುದು. ವಿಧವಾ ಪಿಂಚಣಿಗೆ ಮದುವೆಯ ಪುರಾವೆ ಒದಗಿಸಬೇಕಾಗಿದ್ದರಿಂದ, ಮನೆಯ ಬೈಬಲ್ಲಿನಲ್ಲಿ ಮಕ್ಕಳ ಹುಟ್ಟಿದ ದಿನಗಳನ್ನು ಬರೆದಿಟ್ಟಿದ್ದ ಹಾಳೆಯನ್ನೇ ಕಿತ್ತು ಕಳಿಸಿದವರಿದ್ದಾರೆ. 1898ರಲ್ಲೂ 1915ರಲ್ಲೂ ಪಿಂಚಣಿ ಇಲಾಖೆ ಎಲ್ಲ ಪಿಂಚಣಿದಾರರಿಗೆ ಪ್ರಶ್ನಾವಳಿ ಕಳಿಸಿ, ಮದುವೆ ಯಾವಾಗ ಯಾರಿಂದ ನಡೆಯಿತು, ಬದುಕಿರುವ ಮಕ್ಕಳು ಯಾರ್ಯಾರು ಎಂದು ಕೇಳಿತ್ತು. ಅವುಗಳನ್ನು ಮುದುಕರು ತಮ್ಮದೇ ನಡುಗುವ ಕೈಬರಹದಲ್ಲಿ ತುಂಬಿರುತ್ತಾರೆ.

1890ರ ಪಟ್ಟಿಯಲ್ಲಿ ವಿಧವೆಯರನ್ನು ಹುಡುಕುವ ಬೇರೆಯವರಿಗೊಂದು ಮಾತು. ಅಲ್ಲಿ ಮೊದಲು ಆಕೆಯ ಹೆಸರು, ನಂತರ 'ಇಂಥವರ ವಿಧವೆ' ಎಂದು ಸೈನಿಕನ ಹೆಸರು ಬರುತ್ತದೆ. ಆಕೆ ಮರುಮದುವೆಯಾಗಿದ್ದರೆ ಮನೆತನದ ಹೆಸರೇ ಬೇರೆಯಾಗಿರುತ್ತದೆ. ಕಾನ್ಫೆಡರೇಟ್ ಸೈನಿಕರನ್ನು ಆ ಪಟ್ಟಿಯಲ್ಲಿ ಸೇರಿಸುವಂತಿರಲಿಲ್ಲ. ಆದರೂ ದಕ್ಷಿಣದ ಎಷ್ಟೋ ಗಣತಿದಾರರು ಬರೆದುಕೊಂಡರು, ಮೇಲಧಿಕಾರಿಗಳು ಆಮೇಲೆ ಅದರ ಮೇಲೆ ಗೆರೆ ಎಳೆದರು. ಗೆರೆಯ ಅಡಿಯಲ್ಲಿರುವ ಹೆಸರನ್ನು ಇಂದಿಗೂ ಓದಬಹುದು. ಅವರ ಪಿಂಚಣಿಯನ್ನು ಕೊಟ್ಟದ್ದು ಆಯಾ ದಕ್ಷಿಣ ರಾಜ್ಯಗಳೇ ಹೊರತು ಕೇಂದ್ರ ಸರ್ಕಾರವಲ್ಲ, ಆದ್ದರಿಂದ ಆ ಕಡತಗಳನ್ನು ರಾಜ್ಯಗಳ ಪತ್ರಾಗಾರಗಳಲ್ಲಿ ಹುಡುಕಬೇಕು.

ಯೂನಿಯನ್ ಸೈನ್ಯದಲ್ಲಿ ಸುಮಾರು 1,79,000 ಕಪ್ಪು ಜನಾಂಗದ ಸೈನಿಕರಿದ್ದರು. ಅವರ ವಂಶಸ್ಥರ ಹುಡುಕಾಟ ಇದಕ್ಕಿಂತ ಬಹಳ ಕಷ್ಟದ್ದು, ಏಕೆಂದರೆ ಗುಲಾಮರಾಗಿದ್ದವರನ್ನು 1850 ಮತ್ತು 1860ರ ಗಣತಿಗಳಲ್ಲಿ ಒಡೆಯನ ಹೆಸರಿನಡಿ ವಯಸ್ಸು, ಲಿಂಗ, ಮೈಬಣ್ಣಗಳಿಂದ ಗುರುತಿಸಿದರೇ ಹೊರತು ಹೆಸರು ಬರೆಯಲಿಲ್ಲ. ಅವರಲ್ಲಿ ಬಹುತೇಕರ ಹೆಸರು ಜನಗಣತಿಯಲ್ಲಿ ಮೊದಲು ಕಾಣುವುದು 1870ರಲ್ಲಿ. ಅದಕ್ಕೂ ಹಿಂದಿನ ಬದುಕಿಗೆ ಅನೇಕ ಸಲ ಪಿಂಚಣಿಯ ಕಡತವೇ ದಿಕ್ಕು. ಒಂದೇ ತೋಟದಲ್ಲಿ ಜೊತೆಗೆ ದುಡಿದವರು ಬಂದು, ಇವರಿಬ್ಬರ ಮದುವೆಯನ್ನು ಕಣ್ಣಾರೆ ಕಂಡಿದ್ದೇವೆ ಎಂದು ನುಡಿದ ಸಾಕ್ಷ್ಯಗಳು ಆ ಕಡತಗಳಲ್ಲಿವೆ. ಅಂಥದ್ದೊಂದನ್ನು ಓದುಗರೊಬ್ಬರ ಜೊತೆ ಕುಳಿತು ಓದಿದ ದಿನ ನಾವಿಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ.

ಕೊನೆಯದಾಗಿ, ನಂತರದ ತಲೆಮಾರಿನ ಬಗ್ಗೆ. ಆ ಮುತ್ತಜ್ಜನ ಮಕ್ಕಳು ಮೊಮ್ಮಕ್ಕಳಲ್ಲಿ ಯಾರಾದರೂ ಮೊದಲನೆಯ ಮಹಾಯುದ್ಧಕ್ಕೆ ಹೋಗಿದ್ದರೆ 1930ರ ಗಣತಿಯ 30 ಮತ್ತು 31ನೆಯ ಕಾಲಂಗಳನ್ನು ನೋಡಿ. ಮಾಜಿ ಸೈನಿಕರೇ, ಯಾವ ಯುದ್ಧ ಎಂದು ಅಲ್ಲಿ ಕೇಳಿದ್ದಾರೆ. 1940ರಲ್ಲಿ ಈ ಪ್ರಶ್ನೆಯನ್ನು ಪ್ರತಿ ಪುಟದ ಇಬ್ಬರಿಗೆ ಮಾತ್ರ, ಪುಟದ ಅಡಿಯಲ್ಲಿರುವ ಹೆಚ್ಚುವರಿ ಸಾಲುಗಳಲ್ಲಿ ಕೇಳಿದ್ದಾರೆ. ಸೇಂಟ್ ಲೂಯಿಸ್ ನಗರದಲ್ಲಿದ್ದ ಸೇವಾ ದಾಖಲೆಗಳ ಕೇಂದ್ರಕ್ಕೆ 1973ರ ಜುಲೈ 12ರಂದು ಬೆಂಕಿ ಬಿದ್ದು, 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆಯಾದವರ ದಾಖಲೆಗಳಲ್ಲಿ ಸುಮಾರು ಶೇಕಡ 80ರಷ್ಟು ನಾಶವಾಗಿರುವುದರಿಂದ, ಆ ತಲೆಮಾರಿನ ಮಟ್ಟಿಗೆ 1930ರ ಆ ಎರಡು ಪುಟ್ಟ ಕಾಲಂಗಳಿಗೆ ದೊಡ್ಡ ಬೆಲೆಯಿದೆ.

ಪ್ರತಿಕ್ರಿಯೆ: ಮೈಸೂರಿನಿಂದ ಒಬ್ಬ ಓದುಗ

ವಿಷಯಕ್ಕೆ ಹೊಂದಿಕೊಂಡ ಒಂದು ಪ್ರಶ್ನೆಯನ್ನು ಇಲ್ಲಿಯೇ ಕೇಳಲು ಅನುಮತಿ ಬೇಡುತ್ತೇನೆ. ನಮ್ಮ ಮುತ್ತಾತ ಮೈಸೂರು ಮಹಾರಾಜರ ಕುದುರೆ ಪಡೆಯಲ್ಲಿದ್ದು, ಮೊದಲನೆಯ ಮಹಾಯುದ್ಧದಲ್ಲಿ ಈಗಿನ ಇಸ್ರೇಲಿನಲ್ಲಿರುವ ಹೈಫಾ ಕಡೆಗೆ ಹೋಗಿ ಜೀವಂತವಾಗಿ ಮರಳಿದವರೆಂದು ಮನೆಯಲ್ಲಿ ಹೇಳುತ್ತಾರೆ. ನಮ್ಮಲ್ಲೂ 1911ರಲ್ಲಿ, 1921ರಲ್ಲಿ ಜನಗಣತಿ ನಡೆದಿದೆಯಲ್ಲವೇ? ಆ ಹಾಳೆಗಳಲ್ಲಿ ಅವರ ಹೆಸರನ್ನು ಹೀಗೆಯೇ ಹುಡುಕಬಹುದೇ?

ಉತ್ತರ: ಹಳೆಯ ಕಡತ

ತಮ್ಮಾ, ಇಲ್ಲ ಎಂದು ಹೇಳಲು ನನಗೂ ಬೇಸರವೇ. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಮನೆಮನೆಯ ಹಾಳೆಗಳನ್ನೇ ಸಾರ್ವಜನಿಕರಿಗೆ ತೆರೆಯುತ್ತಾರೆ. 1950ರ ಗಣತಿಯನ್ನು 2022ರ ಏಪ್ರಿಲ್ 1ರಂದು ತೆರೆದರು. ನಮ್ಮ ದೇಶದಲ್ಲಿ 1881ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದರೂ ಅಂಥ ಏರ್ಪಾಡಿಲ್ಲ. ಬ್ರಿಟಿಷರ ಕಾಲದ ಹಾಳೆಗಳಿಂದ ಒಟ್ಟು ಲೆಕ್ಕವನ್ನು ತೆಗೆದುಕೊಂಡು ವರದಿಗಳನ್ನು ಅಚ್ಚು ಹಾಕಿಸಿದರು, ವ್ಯಕ್ತಿಗಳ ಹೆಸರಿರುವ ಹಾಳೆಗಳನ್ನು ಕಾಪಾಡಲಿಲ್ಲ. ಸ್ವಾತಂತ್ರ್ಯಾನಂತರ 1948ರ ಜನಗಣತಿ ಕಾಯಿದೆಯ 15ನೆಯ ಕಲಮು ಗಣತಿಯ ದಾಖಲೆಗಳನ್ನು ಯಾರೂ ಪರಿಶೀಲಿಸುವಂತಿಲ್ಲವೆಂದು ವಿಧಿಸುತ್ತದೆ. ಆದ್ದರಿಂದ ಮೈಸೂರು ಸಂಸ್ಥಾನದ ಹಳೆಯ ಗಣತಿ ವರದಿಗಳಲ್ಲಿ ಸೈನ್ಯದ ಕಸುಬಿನಲ್ಲಿದ್ದವರ ಸಂಖ್ಯೆಯನ್ನು ನೀವು ಓದಬಹುದೇ ಹೊರತು, ನಿಮ್ಮ ಮುತ್ತಾತನ ಹೆಸರನ್ನು ಓದಲಾಗದು.

ನಿಮ್ಮ ಹುಡುಕಾಟ ಮನೆಯಿಂದಲೇ ಆರಂಭವಾಗಬೇಕು. ಅವರಿಗೆ ಬಂದ ಯುದ್ಧ ಪದಕ ಮನೆಯಲ್ಲಿದೆಯೇ ಎಂದು ದೊಡ್ಡವರನ್ನು ಕೇಳಿ. ಆ ಕಾಲದ ಬ್ರಿಟಿಷ್ ವಾರ್ ಮೆಡಲ್ ಎಂಬ ಬೆಳ್ಳಿಯ ಪದಕದಲ್ಲಿ ರಾಜನ ಮುಖವನ್ನಷ್ಟೇ ನೋಡಿ ಎತ್ತಿಡುತ್ತಾರೆ. ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ಅಂಚಿನ ಸುತ್ತ ನೋಡಬೇಕು. ಪಡೆದವರ ಸಂಖ್ಯೆ, ದರ್ಜೆ, ಹೆಸರು, ದಳದ ಹೆಸರುಗಳನ್ನು ಆ ಸಣ್ಣ ಅಂಚಿನ ಮೇಲೆ ಒತ್ತಿರುತ್ತಾರೆ. ದಯವಿಟ್ಟು ಹುಣಿಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರಗಳು ಸವೆಯುತ್ತವೆ.

ಮೈಸೂರು ಲ್ಯಾನ್ಸರ್ಸ್ ದಳ ಹೈದರಾಬಾದ್ ಮತ್ತು ಜೋಧಪುರದ ದಳಗಳೊಡನೆ 15ನೆಯ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡಿನಲ್ಲಿತ್ತು; 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ವಶಪಡಿಸಿಕೊಂಡವರು ಜೋಧಪುರ ಮತ್ತು ಮೈಸೂರಿನ ಸವಾರರು. ಮಡಿದವರ ವಿವರ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹೆಸರಿನ ಮೂಲಕ ಸಿಗುತ್ತದೆ. ಮರಳಿ ಬಂದವರಿಗೆ ಅಂಥ ಪಟ್ಟಿಯಿಲ್ಲ. ಪಿಂಚಣಿಯ ಕಾಗದ, ಸರ್ಕಾರದಿಂದ ಜಮೀನು ಮಂಜೂರಾಗಿದ್ದರೆ ತಾಲ್ಲೂಕು ಕಚೇರಿಯ ದಾಖಲೆ, ಆಮೇಲೆ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿರುವ ಮೈಸೂರು ಸರ್ಕಾರದ ಕಡತಗಳು, ಈ ಕ್ರಮದಲ್ಲಿ ಹುಡುಕುವುದು ಒಳ್ಳೆಯದು.

ನಮ್ಮ ನೆಲದಲ್ಲಿದ್ದ ಸೈನಿಕರ ಪೈಕಿ ಜನಗಣತಿಯಲ್ಲಿ ಹೆಸರು ಸಹಿತ ಸಿಗುವ ಒಂದು ವರ್ಗವಿದೆ. 1911ರ ಇಂಗ್ಲೆಂಡ್ ಮತ್ತು ವೇಲ್ಸ್ ಜನಗಣತಿಯಲ್ಲಿ ಹೊರದೇಶಗಳಲ್ಲಿದ್ದ ಬ್ರಿಟಿಷ್ ಸೇನೆಯ ದಳಗಳನ್ನೂ, ಭಾರತದ ದಂಡುಪ್ರದೇಶಗಳಲ್ಲಿದ್ದವರನ್ನು ಒಳಗೊಂಡು, ಅವರ ಹೆಂಡತಿ ಮಕ್ಕಳ ಸಮೇತ ಎಣಿಸಿದ್ದಾರೆ. ಬೆಂಗಳೂರು ದಂಡಿನ ಹಳೆಯ ಆಂಗ್ಲೋ ಇಂಡಿಯನ್ ಕುಟುಂಬಗಳವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವರು ಅಲ್ಲಿ ಹುಡುಕಬಹುದು.

ಪ್ರಶ್ನೆ ಕೇಳಿದವರಿಂದ: ತುಮಕೂರಿನ ಮಗಳು, ಓಹಾಯೋ

ಹಿರಿಯರಿಗೂ ಪೆನ್ಸಿಲ್ವೇನಿಯಾದ ತಂಗಿಗೂ ನಾನು ಯಾವ ಮಾತಿನಲ್ಲಿ ಕೃತಜ್ಞತೆ ಹೇಳಲಿ? ಅವರು ಸಿಕ್ಕಿದರು.

ನೀವು ಹೇಳಿದಂತೆ 1900ರ ಹಾಳೆಯನ್ನು ಮತ್ತೆ ತೆರೆದು ಮಕ್ಕಳ ಸಾಲುಗಳನ್ನು ಓದಿದೆ. ಹದಿನೆಂಟು ವರ್ಷದ ಮಗಳು 1882ರಲ್ಲಿ ಇಂಡಿಯಾನಾದಲ್ಲಿ ಹುಟ್ಟಿದ್ದಾಳೆ, ಹದಿನಾಲ್ಕು ವರ್ಷದ ಮಗ 1886ರಲ್ಲಿ ಓಹಾಯೋದಲ್ಲಿ ಹುಟ್ಟಿದ್ದಾನೆ. ಆ ಮಗನೇ ನಮ್ಮ ಅತ್ತೆಯವರ ಅಜ್ಜ. ಆ ಹಾಳೆಯನ್ನು ನಾನು ಅದಕ್ಕೆ ಮೊದಲು ಹತ್ತು ಸಲವಾದರೂ ನೋಡಿದ್ದೆ, ಆದರೆ ಪ್ರತಿ ಸಲವೂ ಮುತ್ತಜ್ಜನ ಸಾಲಿನಲ್ಲೇ ಕಣ್ಣು ನಿಲ್ಲುತ್ತಿತ್ತು.

ಆಮೇಲೆ 1890ರ ವಿಶೇಷ ಪಟ್ಟಿ. ಹೆಸರು ಕೊಟ್ಟು ಹುಡುಕಿದಾಗ ಅದೇ ಹೆಸರಿನ ಇನ್ನೊಬ್ಬರು ಮಾತ್ರ ಬಂದರು. ಅವರ ಅಂಚೆ ವಿಳಾಸ ಕೌಂಟಿಯ ಇನ್ನೊಂದು ತುದಿಯ ಊರಿನದು, ಅವರು ಓಹಾಯೋದ ಫಿರಂಗಿ ದಳದವರು. ಹಾಗಾಗಿ ನಮ್ಮ ಟೌನ್‌ಶಿಪ್ಪಿನ ಹಾಳೆಗಳನ್ನು ಮಗಳೊಡನೆ ಕುಳಿತು ಒಂದೊಂದಾಗಿ ತಿರುವಿದೆವು. ಮೂರನೆಯ ಹಾಳೆಯ ಒಂಬತ್ತನೆಯ ಸಾಲಿನಲ್ಲಿ ಅವರಿದ್ದರು. ಗಣತಿದಾರರು ಮನೆತನದ ಹೆಸರಿನ ಮೊದಲ ಅಕ್ಷರವನ್ನು ಎಷ್ಟು ಸುಳಿ ಸುತ್ತಿ ಬರೆದಿದ್ದಾರೆಂದರೆ, ಸೂಚಿ ಮಾಡಿದವರು ಅದನ್ನು ಬೇರೆಯೇ ಅಕ್ಷರವೆಂದು ಓದಿರುವುದರಲ್ಲಿ ಆಶ್ಚರ್ಯವಿಲ್ಲ. ದರ್ಜೆ ಪ್ರೈವೇಟ್, ಅಂದರೆ ಸಾಮಾನ್ಯ ಸಿಪಾಯಿ, ಇಂಡಿಯಾನಾದ ಪದಾತಿ ರೆಜಿಮೆಂಟು, ಕಂಪನಿಯ ಅಕ್ಷರವೂ ರೆಜಿಮೆಂಟಿನ ಸಂಖ್ಯೆಯೂ ಸ್ಪಷ್ಟವಾಗಿವೆ. ಸೇರಿದ್ದು 1862ರ ಆಗಸ್ಟ್, ಬಿಡುಗಡೆ 1865ರ ಜೂನ್. ಸೇವೆ 2 ವರ್ಷ 10 ತಿಂಗಳು. ಸೇರುವಾಗ ಅವರಿಗೆ ಹದಿನೆಂಟು ವರ್ಷ. ಇಂಡಿಯಾನಾದವರಾಗಿದ್ದರೆ ಆಸೆ ಬಿಡಿ ಎಂದಿದ್ದ ಪರಿಚಯದವರಿಗೆ ಆ ಸಾಲಿನ ಚಿತ್ರವನ್ನು ಕಳಿಸಿದ್ದೇನೆ, ಅವರೂ ಸಂತೋಷಪಟ್ಟರು.

ಕೆಳಭಾಗವನ್ನೂ ಓದಿದೆವು. ಒಂಬತ್ತನೆಯ ಸಾಲಿನಲ್ಲಿ, ಅತ್ತೆಯವರು ಇಂದಿಗೂ ಭಾನುವಾರ ಚರ್ಚಿಗೆ ಹೋಗುವ ಹಳ್ಳಿಯದೇ ಅಂಚೆ ವಿಳಾಸವಿದೆ. ಅದರ ಮುಂದೆ ಸಂಧಿವಾತ, ಬಲಗಿವಿ ಕೇಳಿಸದು ಎಂದು ಬರೆದಿದ್ದಾರೆ. ಅದನ್ನು ಓದಿ ಹೇಳಿದಾಗ ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಅಜ್ಜ ಚಿಕ್ಕಂದಿನಲ್ಲಿ ಅಪ್ಪನ ಎಡಗಡೆಗೇ ನಡೆಯಬೇಕಾಗಿತ್ತೆಂದು ಹೇಳುತ್ತಿದ್ದರು, ಏಕೆಂದು ಯಾರೂ ಹೇಳಿರಲಿಲ್ಲ ಎಂದರು. ಛಾಯಾಚಿತ್ರವನ್ನು ಮತ್ತೆ ತೆಗೆದು ನೋಡಿದೆವು. ಅವರು ಎಡಗಿವಿಯನ್ನು ಛಾಯಾಗ್ರಾಹಕನ ಕಡೆಗೆ ಸ್ವಲ್ಪ ತಿರುಗಿಸಿಕೊಂಡು ಕುಳಿತಿದ್ದಾರೆ.

ಪಿಂಚಣಿಯ ಸೂಚಿಯಲ್ಲಿ ಆ ಹೆಸರಿನ ಹದಿನೇಳು ಪತ್ರಗಳಿದ್ದವು. ಕಂಪನಿ, ರೆಜಿಮೆಂಟು ಎರಡೂ ಹೊಂದಿದ್ದು ಒಂದೇ ಒಂದು, ಅದರಲ್ಲಿ ವಿಧವೆಯ ಹೆಸರು ನಮ್ಮ ಅಜ್ಜಿಯದು. ಕಡತದ ಪ್ರತಿಗಾಗಿ ನಿನ್ನೆ ಅರ್ಜಿ ಹಾಕಿದ್ದೇನೆ. 1915ರ ಪ್ರಶ್ನಾವಳಿ ಅದರಲ್ಲಿದ್ದರೆ ಅವರ ಕೈಬರಹವನ್ನು ಅತ್ತೆಯವರಿಗೆ ತೋರಿಸಬಹುದು. ಕಡತ ಬಂದ ದಿನ ಇಲ್ಲಿ ಮತ್ತೆ ಬರೆಯುತ್ತೇನೆ.